ವಿದೇಶ ಪ್ರವಾಸಕ್ಕೆ ಇ-ರೀಡರ್: ಬ್ಯಾಟರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೂರದ ಪ್ರಯಾಣಕ್ಕೆ ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. "ಯಾವ ಇ-ರೀಡರ್ ತಗೊಳ್ಳಲಿ? ಚಾರ್ಜ್ ಎಷ್ಟು ದಿನ ನಿಲ್ಲುತ್ತೆ?" ಇ-ರೀಡರ್ ಅಂದರೆ ಇ-ಪುಸ್ತಕ ಓದೋದಕ್ಕೆ ಅಂತಲೇ ಇರುವ ಸಾಧನ. ಮಾತಿನ ನಡುವೆ, ಪತ್ರಗಳಲ್ಲಿ, ಮೆಸೇಜುಗಳಲ್ಲಿ ಬಂದ ಇಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ತಲೆ ಕೆಡಿಸುವಂಥವು ಕೊನೆಗೆ.

## ಶುರುವಿನಲ್ಲೇ ಬರುವ ಪ್ರಶ್ನೆಗಳು

ಫೋನ್ ಇದೆ, ಟ್ಯಾಬ್ಲೆಟ್ ಇದೆ. ಇನ್ನೊಂದು ಸಾಮಾನು ಯಾಕೆ ಹೊರಬೇಕು?

ಪ್ರವಾಸದಲ್ಲಿ ಫೋನಿಗೆ ಬೇರೆ ಕೆಲಸ ತುಂಬಾ ಇರುತ್ತೆ. ದಾರಿ ತೋರಿಸೋದು, ಟಿಕೆಟ್ ತೋರಿಸೋದು, ಫೋಟೋ ತೆಗೆಯೋದು, ದುಡ್ಡು ಕೊಡೋದು, ಭಾಷೆ ಗೊತ್ತಿಲ್ಲದ ಊರಲ್ಲಿ ಅನುವಾದ ಮಾಡಿಕೊಡೋದು. ವಿಮಾನದಲ್ಲಿ ಎಂಟು ಗಂಟೆ ಅದರಲ್ಲೇ ಕಾದಂಬರಿ ಓದಿ ಇಳಿದರೆ, ಫೋನ್ ನಿಜವಾಗಿ ಬೇಕಾಗುವ ಹೊತ್ತಿಗೆ ಚಾರ್ಜ್ ಇರೋದಿಲ್ಲ. ಟ್ಯಾಬ್ಲೆಟ್ ಸುಮಾರು 10 ಗಂಟೆ ಬರುತ್ತೆ, ಆದರೆ ಭಾರ ಜಾಸ್ತಿ, ಬಿಸಿಲಲ್ಲಿ ಓದೋದು ಕಷ್ಟ. ಇ-ರೀಡರ್ ಸುಮಾರು 160ರಿಂದ 210 ಗ್ರಾಂ ತೂಗುತ್ತೆ. ಓದೋದಕ್ಕೆ ಅಂತಲೇ ಬೇರೆ ಬ್ಯಾಟರಿ ಇಟ್ಟುಕೊಂಡ ಹಾಗೆ.

ಇಡೀ ಪ್ರವಾಸಕ್ಕೆ ಒಂದೇ ಪುಸ್ತಕ ಸಾಕು ಅನ್ನುವವರಿಗೆ ಇದು ಬೇಡ. ಕಾಗದದ ಪುಸ್ತಕವನ್ನೇ ಒಯ್ಯಿರಿ.

ಬ್ಯಾಟರಿ ಅಷ್ಟು ದಿನ ಬರೋದು ಹೇಗೆ? ಒಳಗೆ ಅಂಥದ್ದೇನಿದೆ?

ಬ್ಯಾಟರಿಯಲ್ಲಿ ವಿಶೇಷವೇನೂ ಇಲ್ಲ. ನಿಮ್ಮ ಫೋನಿನ ಬ್ಯಾಟರಿಯ ಅರ್ಧವೂ ಇರೋದಿಲ್ಲ. ವಿಶೇಷ ಇರೋದು ಪರದೆಯಲ್ಲಿ. ಇ-ಇಂಕ್ ಪರದೆಯೊಳಗೆ ಕೂದಲೆಳೆಯಷ್ಟು ಸಣ್ಣ ಗುಳ್ಳೆಗಳಿರುತ್ತವೆ. ಪ್ರತಿ ಗುಳ್ಳೆಯೊಳಗೆ ಕಪ್ಪು ಮತ್ತು ಬಿಳಿ ಬಣ್ಣದ ಕಣಗಳು. ಒಂದಕ್ಕೆ ಧನ ವಿದ್ಯುದಂಶ, ಇನ್ನೊಂದಕ್ಕೆ ಋಣ. ವೋಲ್ಟೇಜ್ ಕೊಟ್ಟಾಗ ಒಂದು ಮೇಲೆ ಬರುತ್ತೆ, ಇನ್ನೊಂದು ಕೆಳಗಿಳಿಯುತ್ತೆ. ಒಮ್ಮೆ ಮೇಲೆ ಬಂದ ಕಣ ಅಲ್ಲೇ ನಿಲ್ಲುತ್ತೆ. ನಿಲ್ಲೋದಕ್ಕೆ ಕರೆಂಟ್ ಬೇಡ. ಹಾಗಾಗಿ ಪರದೆಗೆ ಕರೆಂಟ್ ಬೇಕಾಗೋದು ಪುಟ ತಿರುಗಿಸಿದಾಗ ಮಾತ್ರ.

ಇದನ್ನು ಕಣ್ಣಾರೆ ನೋಡಬಹುದು. ಚಾರ್ಜ್ ಪೂರ್ತಿ ಮುಗಿದು ಸತ್ತು ಬಿದ್ದ ಇ-ರೀಡರ್‌ನಲ್ಲೂ ಪರದೆಯ ಮೇಲೆ ಚಿತ್ರ ಹಾಗೇ ಇರುತ್ತೆ. ತಿಂಗಳು ಬಿಟ್ಟು ನೋಡಿದರೂ ಇರುತ್ತೆ. ಈ ಪರದೆ ಹಾಕಿದ ಮೊದಲ ಓದುವ ಸಾಧನ, ಸೋನಿಯ ಲಿಬ್ರಿಯೆ, 2004ರಲ್ಲಿ ಜಪಾನಿನಲ್ಲಿ ಬಂತು. ಅಮೆಜಾನಿನ ಮೊದಲ ಇ-ರೀಡರ್, ಕಿಂಡಲ್, ಬಂದಿದ್ದು 2007ರಲ್ಲಿ. ಮೂಲ ವಿದ್ಯೆ ಇವತ್ತಿಗೂ ಅದೇ.

ಡಬ್ಬದ ಮೇಲೆ 12 ವಾರ ಅಂತಿದೆ. ಒಂದು ತಿಂಗಳಿಗೆ ಹೋಗ್ತಿದ್ದೀನಿ, ಚಾರ್ಜರ್ ಬೇಡ ತಾನೇ?

ಬೇಕು. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

"12 ವಾರ" ಅನ್ನುವ ಮಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಷರತ್ತು ಇರುತ್ತೆ. 2024ರ ಕಿಂಡಲ್ ಪೇಪರ್‌ವೈಟ್ ತೆಗೆದುಕೊಳ್ಳಿ. ದಿನಕ್ಕೆ ಅರ್ಧ ಗಂಟೆ ಓದಬೇಕು, ವೈಫೈ ಆಫ್ ಇರಬೇಕು, ಪರದೆಗೆ ಹಾಕುವ ಬೆಳಕು 24ರಲ್ಲಿ 13ರ ಮಟ್ಟದಲ್ಲಿ ಇರಬೇಕು. ಆಗ 12 ವಾರದವರೆಗೆ ಬರುತ್ತೆ ಅಂತ ಲೆಕ್ಕ. ಗುಣಿಸಿ ನೋಡಿ: 12 ವಾರ ಅಂದರೆ 84 ದಿನ. ದಿನಕ್ಕೆ ಅರ್ಧ ಗಂಟೆಯಂತೆ 42 ಗಂಟೆ.

ಪ್ರವಾಸದಲ್ಲಿ ಯಾರು ಅರ್ಧ ಗಂಟೆ ಓದಿ ನಿಲ್ಲಿಸುತ್ತಾರೆ? ರೈಲಿನಲ್ಲಿ ಎರಡು ಗಂಟೆ, ಏರ್‌ಪೋರ್ಟಿನಲ್ಲಿ ಕಾಯುತ್ತಾ ಒಂದು ಗಂಟೆ, ರಾತ್ರಿ ಹಾಸಿಗೆಯಲ್ಲಿ ಒಂದು ಗಂಟೆ. ದಿನಕ್ಕೆ ನಾಲ್ಕು ಗಂಟೆ ಅಂದುಕೊಂಡರೆ 42 ಗಂಟೆ ಹತ್ತೇ ದಿನಕ್ಕೆ ಮುಗಿಯುತ್ತೆ. ಬೆಳಕು ಜಾಸ್ತಿ ಇಟ್ಟರೆ ಇನ್ನೂ ಬೇಗ. ಇದು ಮೋಸ ಅಂತ ನಾನು ಹೇಳುತ್ತಿಲ್ಲ, ಷರತ್ತನ್ನು ಅವರು ಬರೆದೇ ಇರುತ್ತಾರೆ. ಆದರೆ "ವಾರ" ಅನ್ನುವ ಅಳತೆ ಪ್ರಯಾಣಿಕರ ಉಪಯೋಗಕ್ಕೆ ಬರುವಂಥದ್ದಲ್ಲ. ಯಾವ ರೀಡರ್ ನೋಡಿದರೂ ಮೊದಲು ವಾರವನ್ನು ಗಂಟೆಗೆ ಇಳಿಸಿ. ಒಂದು ಕಂಪನಿ ಅರ್ಧ ಗಂಟೆಯ ಲೆಕ್ಕ ಹಿಡಿದು, ಇನ್ನೊಂದು ಬೇರೆ ಲೆಕ್ಕ ಹಿಡಿದಿದ್ದರೆ ವಾರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಬರುವುದೇ ಇಲ್ಲ.

ನನ್ನ ರೀಡರ್ ನಿಜವಾಗಿ ಎಷ್ಟು ಗಂಟೆ ಬರುತ್ತೆ ಅಂತ ಮನೇಲೇ ಗೊತ್ತು ಮಾಡ್ಕೊಳ್ಳೋಕೆ ಆಗುತ್ತಾ?

ಆಗುತ್ತೆ, ಸುಲಭ ಕೂಡ. 100ಕ್ಕೆ ಚಾರ್ಜ್ ಮಾಡಿ. ಪ್ರವಾಸದಲ್ಲಿ ಓದುವ ಹಾಗೇ, ಅದೇ ಬೆಳಕಿನಲ್ಲಿ, ವೈಫೈ ಆಫ್ ಮಾಡಿ, ಒಟ್ಟು ಐದು ಗಂಟೆ ಓದಿ. ಒಂದೇ ದಿನ ಓದಬೇಕಂತಿಲ್ಲ, ಗಂಟೆಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಈಗ ಎಷ್ಟು ಶೇಕಡಾ ಇಳಿದಿದೆ ನೋಡಿ. 15 ಇಳಿದಿದ್ದರೆ, ಪೂರ್ತಿ ಚಾರ್ಜಿಗೆ ಸುಮಾರು 33 ಗಂಟೆ. ಒಂದು ಗಂಟೆ ಓದಿ ಲೆಕ್ಕ ಹಾಕಬೇಡಿ. ಮೊದಲ ಕೆಲವು ಶೇಕಡಾ ಇಳಿಯುವ ರೀತಿ ನಂಬುವ ಹಾಗಿರೋದಿಲ್ಲ.

## ಕೊಳ್ಳುವಾಗ

ಎಂಎಎಚ್ ಜಾಸ್ತಿ ಇದ್ದರೆ ಜಾಸ್ತಿ ಹೊತ್ತು ಬರುತ್ತೆ ಅಲ್ವಾ?

ಎಂಎಎಚ್ ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನುವ ಅಳತೆ. ಫೋನಿನ ಅಭ್ಯಾಸದಿಂದ ಹಾಗನ್ನಿಸುತ್ತೆ. ಇ-ರೀಡರ್ ವಿಷಯದಲ್ಲಿ ಅದು ಅರ್ಧ ಸತ್ಯ. ಕೋಬೋ ಕಂಪನಿಯ ಕ್ಲಾರಾ ಬಿಡಬ್ಲ್ಯೂ ರೀಡರ್‌ನಲ್ಲಿ ಇರೋದು 1500 ಎಂಎಎಚ್. ಬೂಕ್ಸ್ ಕಂಪನಿಯ ಪಾಮಾದಲ್ಲಿ 3950, ಅಂದರೆ ಎರಡೂವರೆ ಪಟ್ಟು ಜಾಸ್ತಿ. ಹಾಗಂತ ಪಾಮಾ ಎರಡೂವರೆ ಪಟ್ಟು ಹೊತ್ತು ಬರೋದಿಲ್ಲ. ಅದು ಆಂಡ್ರಾಯ್ಡ್ ಸಾಧನ. ಹಿಂದೆ ಆ್ಯಪ್‌ಗಳು ಓಡುತ್ತಿರುತ್ತವೆ, ಪ್ರೊಸೆಸರ್ ದೊಡ್ಡದು, ವೈಫೈ ಸುಮ್ನೆ ಕೂರೋದಿಲ್ಲ. ಕ್ಲಾರಾ ಥರದ್ದು ಪುಟ ತೋರಿಸಿ ತಕ್ಷಣ ಜೋಂಪಿಗೆ ಜಾರುತ್ತೆ, ಮುಂದಿನ ಪುಟ ಮುಟ್ಟಿದಾಗ ಎದ್ದೇಳುತ್ತೆ.

ಹಾಗಂತ ಆಂಡ್ರಾಯ್ಡ್ ರೀಡರ್ ಕೆಟ್ಟದ್ದಲ್ಲ. ಬೇರೆ ಬೇರೆ ಅಂಗಡಿಯ ಆ್ಯಪ್‌ಗಳಲ್ಲಿ ಪುಸ್ತಕ ಕೊಂಡವರಿಗೆ ಅದೇ ಅನುಕೂಲ. ಆದರೆ ಅದನ್ನು ಕೊಂಡರೆ ಎರಡು ಮೂರು ದಿನಕ್ಕೊಮ್ಮೆ ಚಾರ್ಜ್ ಮಾಡಲು ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಕಲರ್ ಸ್ಕ್ರೀನ್ ತಗೊಂಡರೆ ಬ್ಯಾಟರಿ ಬೇಗ ಮುಗಿಯುತ್ತಾ?

ಹೌದು. ಕಿಂಡಲ್ ಕಲರ್‌ಸಾಫ್ಟ್ ಮತ್ತು 2024ರ ಪೇಪರ್‌ವೈಟ್ ಎರಡೂ 7 ಇಂಚಿನವು. ಒಂದೇ ಕಂಪನಿ ಕೊಡುವ ಲೆಕ್ಕ ಇದು: ಪೇಪರ್‌ವೈಟ್ 12 ವಾರ, ಕಲರ್‌ಸಾಫ್ಟ್ 8 ವಾರ. ಗಂಟೆಗೆ ಇಳಿಸಿದರೆ 42 ಮತ್ತು 28.

ಕಾರಣ ಹೀಗಿದೆ. ಈ ಥರದ ಪರದೆಯಲ್ಲಿ ಕಪ್ಪು-ಬಿಳುಪು ಇ-ಇಂಕ್ ಮೇಲೆ ಬಣ್ಣದ ಫಿಲ್ಟರ್ ಕೂರಿಸಿರುತ್ತಾರೆ. ಫಿಲ್ಟರ್ ಬೆಳಕನ್ನು ನುಂಗುತ್ತೆ, ಪರದೆ ಸ್ವಲ್ಪ ಮಂಕಾಗುತ್ತೆ. ಹಾಗಾಗಿ ಕೈ ತಾನಾಗಿಯೇ ಬೆಳಕು ಏರಿಸುತ್ತೆ. ಚಿತ್ರಕಥೆ, ನಕ್ಷೆ, ಮಕ್ಕಳ ಪುಸ್ತಕ ಓದುವವರಿಗೆ ಕಲರ್ ಬೇಕೇ ಬೇಕು. ಕಥೆ ಕಾದಂಬರಿ ಮಾತ್ರ ಓದುವವರು ಪ್ರವಾಸಕ್ಕೆ ಕಪ್ಪು-ಬಿಳುಪನ್ನೇ ತಗೊಳ್ಳಿ. ಅಕ್ಷರವೂ ಅದರಲ್ಲೇ ಸ್ಪಷ್ಟ.

6 ಇಂಚು ಸಾಕಾ, 7 ಬೇಕಾ?

ಜೇಬಿನಲ್ಲಿ ಹಾಕಿಕೊಳ್ಳುವುದಾದರೆ 6. ಅಕ್ಷರ ದೊಡ್ಡದು ಮಾಡಿ ಓದುವವರಿಗೆ 7. ದೊಡ್ಡ ಅಕ್ಷರಕ್ಕೆ ಸಣ್ಣ ಪರದೆಯಾದರೆ ಪುಟ ಬೇಗ ಬೇಗ ತಿರುಗಿಸಬೇಕು, ಅದೂ ಬ್ಯಾಟರಿಯ ಲೆಕ್ಕಕ್ಕೆ ಬರುತ್ತೆ.

ಸುತ್ತಿ ಬಳಸಿ ಹೇಳಬೇಡಿ. ಕೊನೆಗೆ ಯಾವುದು ತಗೊಳ್ಳಲಿ?

ಬರೀ ಬ್ಯಾಟರಿಯೇ ಮುಖ್ಯ ಅನ್ನುವವರಿಗೆ 2024ರ ಕಿಂಡಲ್ ಪೇಪರ್‌ವೈಟ್. 42 ಗಂಟೆ, 211 ಗ್ರಾಂ, ನೀರಿಗೂ ಹೆದರಬೇಕಿಲ್ಲ. ತೂಕವೇ ಮುಖ್ಯ ಅನ್ನುವವರಿಗೆ ಬೇಸಿಕ್ ಕಿಂಡಲ್. 158 ಗ್ರಾಂ, ಆದರೆ ಕಂಪನಿಯ ಮಾತಿನಲ್ಲೇ 6 ವಾರ, ಅಂದರೆ 21 ಗಂಟೆ. ಹಳದಿ ಬೆಳಕೂ ಇಲ್ಲ, ನೀರಿನಿಂದ ರಕ್ಷಣೆಯೂ ಇಲ್ಲ. ಒಂದೇ ಅಂಗಡಿಗೆ ಕಟ್ಟುಬೀಳಲು ಇಷ್ಟವಿಲ್ಲದವರಿಗೆ ಕೋಬೋ ಕ್ಲಾರಾ ಬಿಡಬ್ಲ್ಯೂ. 174 ಗ್ರಾಂ, ಇ-ಪುಸ್ತಕಗಳಿಗೆ ಸಾಮಾನ್ಯವಾಗಿ ಬಳಸುವ ಇಪಬ್ ಫೈಲ್ ನೇರವಾಗಿ ತೆರೆಯುತ್ತೆ. ಬಸ್ಸಿನ ಕಂಬಿ ಹಿಡಿದು ಒಂದೇ ಕೈಯಲ್ಲಿ ಓದುವವರಿಗೆ ಪುಟ ತಿರುಗಿಸುವ ಗುಂಡಿ ಇರುವ ಕೋಬೋ ಲಿಬ್ರಾ ಕಲರ್. ಅದು ಕಲರ್ ಪರದೆ ಅನ್ನುವುದು ನೆನಪಿರಲಿ.

ನನ್ನನ್ನು ಕೇಳಿದರೆ, ಹದಿನೈದು ದಿನದ ಪ್ರವಾಸಕ್ಕೆ ಇವುಗಳಲ್ಲಿ ಯಾವುದಾದರೂ ನಡೆಯುತ್ತೆ. ಒಂದು ಕೇಬಲ್ ಜೊತೆಗಿದ್ದರೆ ಆಯ್ತು. ಹತ್ತು ಗಂಟೆ ಜಾಸ್ತಿ ಬರುತ್ತೆ ಅಂತ ಕೈಗೆ ಒಗ್ಗದ ರೀಡರ್ ಕೊಳ್ಳಬೇಡಿ. ಕೈ ನೋಯಿಸುವ ರೀಡರ್ ಬ್ಯಾಗಿನಲ್ಲೇ ಉಳಿಯುತ್ತೆ.

ಮೈಕ್ರೋ ಯುಎಸ್‌ಬಿ ಇರೋ ಹಳೇ ಮಾಡೆಲ್ ಕಡಿಮೆಗೆ ಸಿಗ್ತಿದೆ. ಬಿಡಲಾ?

ಪ್ರವಾಸಕ್ಕಾದರೆ ಬಿಡಿ. ಈಗ ಫೋನು, ಲ್ಯಾಪ್‌ಟಾಪ್, ಕ್ಯಾಮೆರಾ ಎಲ್ಲ ಯುಎಸ್‌ಬಿ-ಸಿಗೆ ಬಂದಿವೆ. ಯುರೋಪಿನ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸದಾಗಿ ಮಾರುವ ಫೋನು, ಟ್ಯಾಬ್ಲೆಟ್, ಇ-ರೀಡರ್‌ಗಳಿಗೆಲ್ಲ ಯುಎಸ್‌ಬಿ-ಸಿ ಕಡ್ಡಾಯ. ಎಲ್ಲಕ್ಕೂ ಒಂದೇ ಕೇಬಲ್ ಸಾಕು ಅನ್ನುವುದು ಮನೆಯಲ್ಲಿ ಸಣ್ಣ ವಿಷಯ. ರಾತ್ರಿ ಹನ್ನೊಂದಕ್ಕೆ ಗೊತ್ತಿಲ್ಲದ ಊರಿನ ಹೋಟೆಲಿನಲ್ಲಿ ಮೈಕ್ರೋ ಕೇಬಲ್ ಮರೆತದ್ದು ಗೊತ್ತಾದಾಗ ಅದು ದೊಡ್ಡ ವಿಷಯ. ಈಗಾಗಲೇ ನಿಮ್ಮ ಹತ್ತಿರ ಹಳೆಯ ರೀಡರ್ ಇದ್ದರೆ, ಸಿ ಕೇಬಲಿನ ತುದಿಗೆ ಸಿಕ್ಕಿಸುವ ಸಣ್ಣ ಅಡಾಪ್ಟರ್ ತಂದು ಕವರ್ ಒಳಗೇ ಅಂಟಿಸಿಡಿ.

## ಹೊರಡುವ ಮುಂಚೆ

ಪುಸ್ತಕ ತುಂಬಿದ ದಿನವೇ ಚಾರ್ಜ್ ಅರ್ಧಕ್ಕೆ ಇಳಿದಿದೆ. ಬ್ಯಾಟರಿ ಕೆಟ್ಟಿದೆಯಾ?

ಹೆಚ್ಚಿನ ಸಲ ಕೆಟ್ಟಿರೋದಿಲ್ಲ. ಪುಸ್ತಕ ಹಾಕಿದ ಮೇಲೆ ರೀಡರ್ ಅದರ ಪದಗಳನ್ನೆಲ್ಲ ಪಟ್ಟಿ ಮಾಡಿಕೊಳ್ಳುತ್ತೆ, ಆಮೇಲೆ ಹುಡುಕಿದಾಗ ಬೇಗ ಸಿಗಲಿ ಅಂತ. ಇದಕ್ಕೆ ಇಂಡೆಕ್ಸಿಂಗ್ ಅನ್ನುತ್ತಾರೆ. ಹತ್ತು ಪುಸ್ತಕಕ್ಕೆ ಗೊತ್ತೂ ಆಗೋದಿಲ್ಲ. ಇನ್ನೂರು ಪುಸ್ತಕ ಒಟ್ಟಿಗೆ ಸುರಿದರೆ ಪ್ರೊಸೆಸರ್ ಗಂಟೆಗಟ್ಟಲೆ ನಿದ್ದೆಯಿಲ್ಲದೆ ದುಡಿಯುತ್ತೆ.

ಇದು ನನಗೆ ತಿಳಿದಿದ್ದು ವಿಮಾನದಲ್ಲಿ. ಹೊರಡುವ ಹಿಂದಿನ ರಾತ್ರಿ ಕಂಪ್ಯೂಟರಿನಲ್ಲಿದ್ದ ಪುಸ್ತಕಗಳನ್ನೆಲ್ಲ ರೀಡರ್‌ಗೆ ಹಾಕಿ, 100 ಅಂತ ತೋರಿಸಿದ್ದನ್ನು ನೋಡಿ, ಮುಚ್ಚಿ ಬ್ಯಾಗಿಗೆ ಹಾಕಿದೆ. ಮರುದಿನ ಸೀಟಿನಲ್ಲಿ ಕೂತು ಕವರ್ ತೆಗೆದಾಗ ರೀಡರ್ ಹಿಂಭಾಗ ಬೆಚ್ಚಗಿತ್ತು. ಚಾರ್ಜ್ 38. ಮುಟ್ಟಿದ ಪುಟ ಒಂದೂ ಇಲ್ಲ. ಆವತ್ತಿನಿಂದ ಪುಸ್ತಕ ತುಂಬುವ ಕೆಲಸವನ್ನು ಒಂದು ವಾರ ಮುಂಚೆಯೇ ಮುಗಿಸುತ್ತೇನೆ. ತುಂಬಿದ ಮೇಲೆ ಚಾರ್ಜರಿಗೆ ಹಾಕಿ ಒಂದು ರಾತ್ರಿ ಬಿಡುತ್ತೇನೆ. ಎರಡು ದಿನವಾದರೂ ಇಳಿಯುತ್ತಲೇ ಇದ್ದರೆ ಯಾವುದೋ ಒಂದು ಫೈಲ್ ಕೆಟ್ಟಿರುತ್ತೆ, ಇಂಡೆಕ್ಸಿಂಗ್ ಅಲ್ಲೇ ಸಿಕ್ಕಿಕೊಂಡಿರುತ್ತೆ. ಕೊನೆಗೆ ಹಾಕಿದ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡಿ.

ಬೇರೆ ದೇಶಕ್ಕೆ ಹೋದ ಮೇಲೆ ನಾನು ಕೊಂಡ ಪುಸ್ತಕಗಳು ತೆರೆಯುತ್ತವಾ?

ಡೌನ್‌ಲೋಡ್ ಆಗಿ ರೀಡರ್‌ನಲ್ಲೇ ಇರುವ ಪುಸ್ತಕಕ್ಕೆ ತೊಂದರೆಯಿಲ್ಲ. ಹೊಸದಾಗಿ ಕೊಳ್ಳಲು ಹೋದಾಗ ತೊಡಕು ಬರಬಹುದು. ಪುಸ್ತಕ ಮಾರುವ ಹಕ್ಕು ದೇಶದಿಂದ ದೇಶಕ್ಕೆ ಬೇರೆ. ಖಾತೆ ಯಾವ ದೇಶದ್ದು ಅನ್ನುವುದರ ಮೇಲೆ ಯಾವ ಪುಸ್ತಕ ಸಿಗುತ್ತೆ ಅನ್ನುವುದು ನಿಂತಿರುತ್ತೆ. ಎರಡು ವಾರಕ್ಕೆ ಹೋಗುವವರು ಖಾತೆಯ ದೇಶವನ್ನು ಬದಲಾಯಿಸಲೇಬೇಡಿ.

ಇನ್ನೊಂದು ಮಾತು. ಮುಖಪುಟ ಕಾಣುತ್ತಿದೆ ಅಂದರೆ ಪುಸ್ತಕ ಇಳಿದಿದೆ ಅಂತಲ್ಲ, ಅದು ಇನ್ನೂ ಕ್ಲೌಡ್‌ನಲ್ಲೇ, ಅಂದರೆ ಕಂಪನಿಯ ಸರ್ವರಿನಲ್ಲೇ ಇರಬಹುದು. ಏರೋಪ್ಲೇನ್ ಮೋಡ್‌ಗೆ ಹಾಕಿ ಪ್ರತಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿ. ಹಿಂದೆ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಕೇಬಲಿನಲ್ಲಿ ಹಾಕಿಕೊಳ್ಳಬಹುದಿತ್ತು. ಅಮೆಜಾನ್ ಆ ದಾರಿಯನ್ನು 2025ರ ಫೆಬ್ರುವರಿ 26ಕ್ಕೆ ಮುಚ್ಚಿತು. ಹಾಗಾಗಿ ವೈಫೈ ಇರುವಾಗಲೇ ಇಳಿಸಿಕೊಳ್ಳಿ.

ಕನ್ನಡ ಪುಸ್ತಕಗಳು, ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು ಇವೆ. ಅವನ್ನೂ ಒಯ್ಯಬಹುದಾ?

ಒಯ್ಯಬಹುದು, ಆದರೆ ಪರೀಕ್ಷೆ ಮಾಡಿ ಒಯ್ಯಿರಿ. ಇಪಬ್ ಪುಸ್ತಕವಾದರೆ ತೆರೆದು "ಸ್ವಾತಂತ್ರ್ಯ", "ರಾಷ್ಟ್ರ", "ಕಾರ್ಯಕ್ರಮ" ಇಂಥ ಪದಗಳನ್ನು ಹುಡುಕಿ ನೋಡಿ. ಒತ್ತಕ್ಷರ ಕೆಳಗೆ ಕೂತಿದೆಯಾ, ಅರ್ಕಾವತ್ತು ತನ್ನ ಜಾಗದಲ್ಲಿದೆಯಾ? ಇಲ್ಲದಿದ್ದರೆ ಕನ್ನಡ ಫಾಂಟ್ ಹಾಕಿ ನೋಡಿ. ಕಿಂಡಲ್‌ನಲ್ಲಿ ಫಾಂಟ್‌ಗೆ ಅಂತಲೇ fonts ಅನ್ನುವ ಫೋಲ್ಡರ್ ಇರುತ್ತೆ, ಕೋಬೋದಲ್ಲಿ ಅದೇ ಹೆಸರಿನ ಫೋಲ್ಡರನ್ನು ನೀವೇ ಮಾಡಬೇಕು.

ಸ್ಕ್ಯಾನ್ ಪಿಡಿಎಫ್ ಬೇರೆಯೇ ಕಥೆ. ಅದರಲ್ಲಿ ಪ್ರತಿ ಪುಟವೂ ಒಂದು ಫೋಟೋ. 6 ಇಂಚಿನ ಪರದೆಯಲ್ಲಿ ಅದನ್ನು ಹಿಗ್ಗಿಸಿ, ಆಚೀಚೆ ಎಳೆದು ಓದಬೇಕು. ಎಳೆದಾಗಲೆಲ್ಲ ಪರದೆ ಹೊಸದಾಗಿ ಬರೆಯುತ್ತೆ, ಪ್ರೊಸೆಸರ್ ದುಡಿಯುತ್ತೆ. ಕಾದಂಬರಿ ಓದುವಾಗ ಬರುವಷ್ಟು ಗಂಟೆ ಇಲ್ಲಿ ಬರೋದಿಲ್ಲ. ಕಣ್ಣಿಗೂ ಆಯಾಸ. ಇಂಥವೇ ಜಾಸ್ತಿ ಇದ್ದರೆ 10 ಇಂಚಿನ ರೀಡರ್ ನೋಡಿ, ಇಲ್ಲವಾದರೆ ಅವನ್ನು ಟ್ಯಾಬ್ಲೆಟ್‌ಗೆ ಬಿಡಿ.

## ವಿಮಾನದಲ್ಲಿ, ಹೋಟೆಲಿನಲ್ಲಿ

ಇ-ರೀಡರ್ ಚೆಕ್-ಇನ್ ಲಗೇಜಿಗೆ ಹಾಕಬಹುದಾ? ಪವರ್ ಬ್ಯಾಂಕ್?

ಪವರ್ ಬ್ಯಾಂಕ್ ಚೆಕ್-ಇನ್ ಲಗೇಜಿಗೆ ಹಾಕುವ ಹಾಗೇ ಇಲ್ಲ. ಅದು ಕೈಚೀಲದಲ್ಲೇ ಇರಬೇಕು. ರೀಡರನ್ನೂ ಕೈಚೀಲದಲ್ಲೇ ಇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್‌ನಲ್ಲಿ ಯಾರಾದರೂ ನೋಡಿ ಆರಿಸಬಹುದು, ಸಾಮಾನಿನ ಗೂಡಿನಲ್ಲಿ ಆಗೋದಿಲ್ಲ. ನಿಯಮದ ಹಿಂದಿರುವ ಕಾರಣ ಇಷ್ಟೇ.

ಮಿತಿ ಇರೋದು ವ್ಯಾಟ್-ಅವರ್ ಲೆಕ್ಕದಲ್ಲಿ, ಅಂದರೆ ಬ್ಯಾಟರಿಯಲ್ಲಿರುವ ಒಟ್ಟು ಶಕ್ತಿಯ ಅಳತೆಯಲ್ಲಿ. 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ಯಾರ ಅನುಮತಿಯೂ ಬೇಡ. 100ರಿಂದ 160ರವರೆಗೆ ವಿಮಾನ ಸಂಸ್ಥೆ ಒಪ್ಪಬೇಕು. ಅದರ ಮೇಲೆ ಪ್ರಯಾಣಿಕರು ತರುವ ಹಾಗಿಲ್ಲ. ಎಂಎಎಚ್ ಅನ್ನು ಸಾವಿರದಿಂದ ಭಾಗಿಸಿ 3.7ರಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತೆ. 1500 ಎಂಎಎಚ್ ರೀಡರ್ ಅಂದರೆ 5.55. 10,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 37. ಪವರ್ ಬ್ಯಾಂಕ್ ಮೇಲಿನ ಬರಹ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ತೆಗೆದುಕೊಂಡುಬಿಡಬಹುದು. ಚೀನಾದಲ್ಲಿ 2025ರ ಜೂನ್ 28ರಿಂದ ದೇಶದೊಳಗಿನ ವಿಮಾನಗಳಿಗೆ ಅಲ್ಲಿನ 3ಸಿ ಅನ್ನುವ ಸುರಕ್ಷತಾ ಗುರುತು ಇಲ್ಲದ ಪವರ್ ಬ್ಯಾಂಕ್ ತರುವ ಹಾಗಿಲ್ಲ. ವಿಮಾನದೊಳಗೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿದ ಸಂಸ್ಥೆಗಳೂ ಈಗ ಹಲವು ಇವೆ. ಟಿಕೆಟ್ ಮಾಡಿದ ಸಂಸ್ಥೆಯ ನಿಯಮವನ್ನು ಹೊರಡುವ ವಾರ ಒಮ್ಮೆ ಓದಿ.

ರೀಡರ್‌ನಲ್ಲಿ ಸ್ವಲ್ಪವಾದರೂ ಚಾರ್ಜ್ ಇರಲಿ. 2014ರಲ್ಲಿ ಅಮೆರಿಕಕ್ಕೆ ನೇರ ವಿಮಾನ ಇರುವ ಕೆಲವು ಏರ್‌ಪೋರ್ಟ್‌ಗಳಲ್ಲಿ ಸಾಧನ ಆನ್ ಮಾಡಿ ತೋರಿಸಿ ಅಂತ ಕೇಳುವ ಕ್ರಮ ಬಂತು. ಆನ್ ಆಗದಿದ್ದರೆ ಆ ಸಾಧನವನ್ನು ವಿಮಾನದೊಳಗೆ ಬಿಡುತ್ತಿರಲಿಲ್ಲ.

ವಿಮಾನ ಏರುವಾಗ, ಇಳಿಯುವಾಗ ಓದಬಹುದಾ?

ಸಾಮಾನ್ಯವಾಗಿ ಓದಬಹುದು. ಏರೋಪ್ಲೇನ್ ಮೋಡ್‌ನಲ್ಲಿರಬೇಕು ಅಷ್ಟೇ. ಅಮೆರಿಕ 2013ರಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟಿತು, ಅದರ ಬೆನ್ನಿಗೇ ಯುರೋಪ್ ಕೂಡ ಒಪ್ಪಿತು. ಸಿಬ್ಬಂದಿ ಎತ್ತಿಡಿ ಅಂದರೆ ಎತ್ತಿಡಿ.

ಒಂದೊಂದು ದೇಶದಲ್ಲಿ ಒಂದೊಂದು ವೋಲ್ಟೇಜ್ ಅಂತಾರೆ. ರೀಡರ್ ಸುಟ್ಟುಹೋಗಲ್ವಾ?

ಇಲ್ಲ. ಗೋಡೆಯ ಕರೆಂಟ್ ರೀಡರ್‌ಗೆ ಮುಟ್ಟುವುದೇ ಇಲ್ಲ. ಚಾರ್ಜರ್ ಅದನ್ನು 5 ವೋಲ್ಟ್‌ಗೆ ಇಳಿಸಿ ಕೊಡುತ್ತೆ. ಚಾರ್ಜರ್ ಮೇಲೆ ಸಣ್ಣ ಅಕ್ಷರದಲ್ಲಿ "100-240" ಅಂತ ಇದ್ದರೆ ಜಪಾನಿನ 100 ವೋಲ್ಟಿಗೂ ಸರಿ, ಬ್ರಿಟನ್ನಿನ 230ಕ್ಕೂ ಸರಿ. ಬೇಕಾಗೋದು ಪಿನ್ನಿನ ಆಕಾರ ಬದಲಿಸುವ ಅಡಾಪ್ಟರ್ ಮಾತ್ರ. ವೋಲ್ಟೇಜ್ ಬದಲಿಸುವ ಭಾರದ ಕನ್ವರ್ಟರ್ ಹೊರಬೇಡಿ.

ಪವರ್ ಬ್ಯಾಂಕಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ತಾನೇ ನಿಂತುಹೋಗುತ್ತೆ. ಯಾಕೆ?

ರೀಡರ್ ಎಳೆದುಕೊಳ್ಳುವ ಕರೆಂಟ್ ಕಡಿಮೆ. ಚಾರ್ಜ್ ತುಂಬುತ್ತಾ ಬಂದ ಹಾಗೆ ಇನ್ನೂ ಕಡಿಮೆಯಾಗುತ್ತೆ. ಕೆಲವು ಪವರ್ ಬ್ಯಾಂಕ್‌ಗಳು "ಏನೂ ಸಿಕ್ಕಿಸಿಲ್ಲ" ಅಂದುಕೊಂಡು ಆಫ್ ಆಗುತ್ತವೆ. ಇಯರ್‌ಫೋನ್, ವಾಚ್ ಚಾರ್ಜ್ ಮಾಡಲು ಅಂತ ಕೆಲವದರಲ್ಲಿ ಬೇರೆ ಮೋಡ್ ಇರುತ್ತೆ, ಗುಂಡಿಯನ್ನು ಎರಡು ಸಲ ಒತ್ತಿದರೆ ಬರುತ್ತೆ. ಅದಿಲ್ಲದಿದ್ದರೆ ಫೋನನ್ನೂ ಜೊತೆಗೆ ಸಿಕ್ಕಿಸಿ. 

10,000 ಎಂಎಎಚ್ ಪವರ್ ಬ್ಯಾಂಕ್ ಒಂದಿದ್ದರೆ, ನಡುವೆ ಪೋಲಾಗುವುದನ್ನು ಕಳೆದರೂ ಸಣ್ಣ ರೀಡರನ್ನು ನಾಲ್ಕು ಸಲ ತುಂಬಬಹುದು. ಕಾಡು, ಬೆಟ್ಟ ಅಂತ ಕರೆಂಟ್ ಇಲ್ಲದ ಕಡೆ ಹೋಗುವವರಿಗೂ ಅಷ್ಟು ಸಾಕು.

ಹೋಟೆಲ್ ವೈಫೈಗೆ ರೀಡರ್ ಸೇರೋದೇ ಇಲ್ಲ. ಏನು ಮಾಡಲಿ?

ಹೋಟೆಲಿನವರು ರೂಮ್ ನಂಬರ್ ಕೇಳುವ ಪುಟ ತೋರಿಸುತ್ತಾರಲ್ಲ, ಆ ಪುಟವನ್ನು ರೀಡರಿನ ಬ್ರೌಸರ್ ಸರಿಯಾಗಿ ತೆರೆಯೋದಿಲ್ಲ. ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿ ಸೇರಿಸಿ. ಅದೂ ಕಾಣದಿದ್ದರೆ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಬದಲಿಸಿ. ಹಳೆಯ ರೀಡರ್‌ಗಳಿಗೆ 5 ಗಿಗಾಹರ್ಟ್ಸ್ ಕಾಣೋದಿಲ್ಲ. ಪುಸ್ತಕ ಇಳಿದ ಕೂಡಲೇ ವೈಫೈ ಆಫ್ ಮಾಡಿ. ಸೇರಲಾಗದ ನೆಟ್‌ವರ್ಕನ್ನು ರೀಡರ್ ಮತ್ತೆ ಮತ್ತೆ ಹುಡುಕುತ್ತಾ ಕೂತರೆ, ನೀವು ಒಂದು ಪುಟ ಓದದಿದ್ದರೂ ಚಾರ್ಜ್ ಕರಗುತ್ತೆ.

ಬ್ಯಾಗಿನಲ್ಲಿ ಹಾಕಿದರೆ ಪರದೆ ಒಡೆಯುತ್ತಾ?

ಒಡೆಯುತ್ತೆ. ನನ್ನ ಎರಡನೇ ರೀಡರ್ ಹೋಗಿದ್ದು ಹಾಗೇ. ಬೆನ್ನಿಗೆ ಹಾಕುವ ಬ್ಯಾಗಿನಲ್ಲಿ, ಚಾರ್ಜರಿನ ಗಟ್ಟಿ ಮೂಲೆಗೆ ಒತ್ತಿಕೊಂಡು ನಿಂತಿತ್ತು. ಮೇಲೆ ಇನ್ನೊಂದು ಬ್ಯಾಗ್ ಬಿದ್ದಿತ್ತು. ತೆಗೆದು ನೋಡಿದರೆ ಹೊರಗೆ ಒಂದು ಗೀರೂ ಇರಲಿಲ್ಲ. ಬೆರಳಾಡಿಸಿದರೆ ಪರದೆ ನುಣ್ಣಗೇ ಇತ್ತು. ಆದರೆ ಕೆಳಗಿನ ಮೂಲೆಯಿಂದ ಉದ್ದ ಗೆರೆಗಳು ಎದ್ದು, ಪುಟದ ಅರ್ಧ ಹೆಪ್ಪುಗಟ್ಟಿದ ಹಾಗೆ ನಿಂತುಬಿಟ್ಟಿತ್ತು. ಮೇಲಿನ ಅರ್ಧದಲ್ಲಿ ಹೊಸ ಪುಟ ಬರುತ್ತಿತ್ತು, ಕೆಳಗಿನ ಅರ್ಧದಲ್ಲಿ ಹಿಂದಿನ ದಿನದ ಸಾಲುಗಳೇ. ಇ-ಇಂಕ್ ಹಿಂದೆ ತೆಳ್ಳನೆ ಗಾಜಿನ ಹಾಳೆ ಇರುತ್ತೆ, ಬಿರುಕು ಬಿಡೋದು ಅದು.

ಮುಂಭಾಗವನ್ನು ಪೂರ್ತಿ ಮುಚ್ಚುವ ಗಟ್ಟಿ ಕವರ್ ಹಾಕಿ. ಬರೀ ಬಟ್ಟೆಯ ಚೀಲ ಸಾಲದು. ಬ್ಯಾಗಿನಲ್ಲಿ ಬೆನ್ನಿನ ಕಡೆ, ಒಂದು ಮಡಿಸಿದ ಬಟ್ಟೆಗೆ ಪರದೆ ಮುಖ ಮಾಡಿ ಇಡಿ. ಆಯಸ್ಕಾಂತದ ಕವರ್ ಆದರೆ ಇನ್ನೊಂದು ಲಾಭ ಇದೆ. ಮುಚ್ಚಿದ ಕೂಡಲೇ ರೀಡರ್ ಮಲಗುತ್ತೆ, ಬ್ಯಾಗಿನೊಳಗೆ ಏನೋ ತಗುಲಿ ಎದ್ದು ರಾತ್ರಿಯಿಡೀ ಬೆಳಕು ಸುಡೋದಿಲ್ಲ.

## ಇನ್ನೂ ಆಳಕ್ಕೆ ಹೋದವರು ಕೇಳುವವು

ಚಾರ್ಜ್ ತಿನ್ನೋದು ನಿಜವಾಗಿ ಯಾವುದು? ಯಾವುದನ್ನು ಆಫ್ ಮಾಡಲಿ?

ಓದುವಾಗ ಎಲ್ಲಕ್ಕಿಂತ ಜಾಸ್ತಿ ತಿನ್ನೋದು ಬೆಳಕು. ಪುಟ ತಿರುಗಿಸಿದಾಗ ಒಂದು ಗುಟುಕು ಹೋದರೆ, ಬೆಳಕಿನ ನಲ್ಲಿ ಸದಾ ತೆರೆದೇ ಇರುತ್ತೆ. ಹಗಲಲ್ಲಿ, ಕಿಟಕಿಯ ಪಕ್ಕ, ಬಿಸಿಲಲ್ಲಿ ಅದನ್ನು ಸೊನ್ನೆಗೆ ಇಳಿಸಿ. ಇ-ಇಂಕ್ ಇರುವುದೇ ಕಾಗದದ ಹಾಗೆ ಹೊರಗಿನ ಬೆಳಕಿನಲ್ಲಿ ಓದಲು. ಎಷ್ಟೋ ಜನ ನಡುಮಧ್ಯಾಹ್ನವೂ ಪೂರ್ತಿ ಬೆಳಕು ಹಾಕಿಕೊಂಡು ಓದುತ್ತಿರುತ್ತಾರೆ, ಅದು ಉರಿಯುತ್ತಿರೋದೇ ಅವರಿಗೆ ಗೊತ್ತಿರೋದಿಲ್ಲ. ಕತ್ತಲಲ್ಲಿ ಕಣ್ಣು ಹೊಂದಿಕೊಂಡ ಮೇಲೆ ತೀರಾ ಕಡಿಮೆ ಮಟ್ಟವೇ ಸಾಕಾಗುತ್ತೆ.

ಎರಡನೆಯದು ವೈಫೈ. ಪ್ರವಾಸದಲ್ಲಿ ಏರೋಪ್ಲೇನ್ ಮೋಡ್ ಸದಾ ಆನ್ ಇರಲಿ. ಬ್ಲೂಟೂತ್‌ನಲ್ಲಿ ಆಡಿಯೋ ಪುಸ್ತಕ ಕೇಳಿದರೆ ಇ-ಇಂಕ್ ಲಾಭವೆಲ್ಲ ಹೋಯಿತು, ಅದನ್ನು ಫೋನಿನಲ್ಲೇ ಕೇಳಿ. ಪ್ರತಿ ಪುಟಕ್ಕೂ ಪರದೆ ಪೂರ್ತಿ ಕಪ್ಪಾಗಿ ಮಿನುಗುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಬಹುದು, ಸ್ವಲ್ಪ ಉಳಿಯುತ್ತೆ. ಓದಿ ಮುಗಿಸಿದಾಗಲೆಲ್ಲ ಪೂರ್ತಿ ಆಫ್ ಮಾಡಬೇಕಾಗಿಲ್ಲ. ಮತ್ತೆ ಆನ್ ಆಗುವಾಗ ಅದೂ ಚಾರ್ಜ್ ತಿನ್ನುತ್ತೆ. ದಿನಗಟ್ಟಲೆ ಮುಟ್ಟದಿದ್ದರೆ ಮಾತ್ರ ಆಫ್ ಮಾಡಿ.

ಹಿಮ ಬೀಳೋ ಕಡೆ ಹೋಗ್ತಿದ್ದೀವಿ. ಚಳಿಗೆ ರೀಡರ್ ತಡೆಯುತ್ತಾ?

ಸಾಮಾನ್ಯವಾಗಿ ಇ-ರೀಡರ್‌ಗಳನ್ನು ಸೊನ್ನೆ ಡಿಗ್ರಿಗಿಂತ ಮೇಲೆ ಬಳಸಲು ಮಾಡಿರುತ್ತಾರೆ. ಚಳಿ ಜಾಸ್ತಿಯಾದಂತೆ ಪರದೆಯ ಕಣಗಳು ನಿಧಾನವಾಗುತ್ತವೆ. ಪುಟ ಬದಲಾದರೂ ಹಿಂದಿನ ಪುಟದ ಅಕ್ಷರಗಳು ನೆರಳಿನ ಹಾಗೆ ಉಳಿಯುತ್ತವೆ. ಬ್ಯಾಟರಿಯೂ ಇರುವಷ್ಟನ್ನು ಕೊಡೋದಿಲ್ಲ. 40 ತೋರಿಸುತ್ತಿದ್ದದ್ದು ದಿಢೀರಂತ ಆಫ್ ಆಗಬಹುದು. ಹೆದರಬೇಡಿ, ಬೆಚ್ಚಗಾದ ಮೇಲೆ ಚಾರ್ಜ್ ವಾಪಸ್ ಕಾಣುತ್ತೆ. ಹೊರಗೆ ಓಡಾಡುವಾಗ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಕೊರೆಯುವ ಚಳಿಯಿಂದ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ತೀರಾ ತಣ್ಣಗಾದ ಲಿಥಿಯಂ ಬ್ಯಾಟರಿಗೆ ಚಾರ್ಜ್ ತುಂಬಿದರೆ ಅದಕ್ಕೆ ಶಾಶ್ವತ ಪೆಟ್ಟಾಗುತ್ತೆ. ಒಂದು ಗಂಟೆ ಕೋಣೆಯಲ್ಲಿ ಬಿಡಿ.

ಚಳಿಗಿಂತ ಬಿಸಿ ಕೆಟ್ಟದ್ದು ಅನ್ನುವುದೂ ನೆನಪಿರಲಿ. ಚಳಿಯಲ್ಲಿ ಹೋದ ಚಾರ್ಜ್ ಮರಳಿ ಬರುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಬ್ಯಾಟರಿಯ ಆಯಸ್ಸೇ ಕಡಿಮೆಯಾಗುತ್ತೆ.

ನನ್ನ ರೀಡರ್‌ಗೆ ಐದು ವರ್ಷ ಆಯ್ತು. ಮೊದಲಿನ ಅರ್ಧವೂ ಬರಲ್ಲ. ಹೊಸದು ತಗೊಳ್ಳಲಾ, ಬ್ಯಾಟರಿ ಬದಲಾಯಿಸಲಾ?

ಪರದೆ ಚೆನ್ನಾಗಿದ್ದರೆ ಬ್ಯಾಟರಿ ಬದಲಾಯಿಸಿ ಅಂತಲೇ ನನ್ನ ಮಾತು. ಇ-ಇಂಕ್ ಪರದೆ ಅಷ್ಟು ಬೇಗ ಹಳೆಯದಾಗೋದಿಲ್ಲ, ಹಳೆಯದಾಗೋದು ಬ್ಯಾಟರಿ. ಮೊದಲು ಮೇಲೆ ಹೇಳಿದ ಐದು ಗಂಟೆಯ ಲೆಕ್ಕ ಹಾಕಿ, ನಿಜವಾಗಿ ಎಷ್ಟು ಉಳಿದಿದೆ ನೋಡಿ. 15 ಗಂಟೆ ಬರುತ್ತಿದ್ದರೆ ಮೂರು ನಾಲ್ಕು ದಿನಕ್ಕೊಮ್ಮೆ ಚಾರ್ಜ್ ಮಾಡಿ ಇನ್ನೊಂದು ಪ್ರವಾಸ ಮುಗಿಸಬಹುದು.

ಬದಲಾಯಿಸುವ ಕಷ್ಟ ಮಾಡೆಲ್ ಮೇಲೆ ನಿಂತಿದೆ. ಕೆಲವಕ್ಕೆ ಹಿಂಭಾಗವನ್ನು ಅಂಟಿನಿಂದ ಮೆತ್ತಿರುತ್ತಾರೆ. ಕೋಬೋ ತನ್ನ 2024ರ ಕ್ಲಾರಾ, ಲಿಬ್ರಾ ಮಾಡೆಲ್‌ಗಳಿಗೆ ರಿಪೇರಿ ಕಲಿಸುವ ಐಫಿಕ್ಸಿಟ್ ಕಂಪನಿಯ ಜೊತೆ ಸೇರಿ ರಿಪೇರಿಯ ಸೂಚನೆ, ಬಿಡಿಭಾಗ ಒದಗಿಸಲು ಮುಂದಾಯಿತು. ಯುರೋಪಿನ ಒಕ್ಕೂಟದ ಬ್ಯಾಟರಿ ಕಾನೂನಿನ ಪ್ರಕಾರ 2027ರ ಫೆಬ್ರುವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ಬಿಚ್ಚಿ ಬದಲಿಸುವಂತಿರಬೇಕು, ಕೆಲವು ವಿನಾಯಿತಿ ಬಿಟ್ಟು. ಬಿಚ್ಚಿದ ಮೇಲೆ ನೀರಿನಿಂದ ರಕ್ಷಣೆ ಮೊದಲಿನಷ್ಟು ಇರೋದಿಲ್ಲ ಅನ್ನುವುದು ಗೊತ್ತಿರಲಿ.

ಬ್ಯಾಟರಿ ಉಬ್ಬಿ ಹಿಂಭಾಗ ಎದ್ದಿದ್ದರೆ, ಅಥವಾ ಪರದೆಯ ಅಂಚು ಬಿಟ್ಟುಕೊಂಡಿದ್ದರೆ, ಅದನ್ನು ಚಾರ್ಜಿಗೆ ಹಾಕಬೇಡಿ, ವಿಮಾನಕ್ಕಂತೂ ತರಲೇಬೇಡಿ. ಪ್ರವಾಸ ಮುಗಿಸಿ ಬಂದು ತಿಂಗಳುಗಟ್ಟಲೆ ರೀಡರ್ ಮುಟ್ಟದವರು ಅರ್ಧ ಚಾರ್ಜ್ ಮಾಡಿ, ಪೂರ್ತಿ ಆಫ್ ಮಾಡಿ, ತಂಪಾದ ಜಾಗದಲ್ಲಿಡಿ. ಸೊನ್ನೆಗೆ ಇಳಿದು ಡ್ರಾಯರಿನಲ್ಲಿ ಒಂದು ವರ್ಷ ಬಿದ್ದಿದ್ದ ಬ್ಯಾಟರಿ ಎಷ್ಟೋ ಸಲ ಮತ್ತೆ ಏಳೋದೇ ಇಲ್ಲ.